ಉಜನಿ ಹಿನ್ನೀರಿನಲ್ಲಿ ಕೇಳಿದ ಕರೆ

ಪುಣೆಯ ಸ್ವಾರಗೇಟಿನಿಂದ ನಮ್ಮ ಟೆಂಪೊ ಟ್ರಾವೆಲರ್ ಹೊರಟಾಗ ಶನಿವಾರ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಹಿಂದಿನ ಸೀಟಿನ ಮೇಲೆ ಎರಡು ಸಾಮಾನುಗಳಿದ್ದವು. ಒಂದು ಸುರುಳಿ ಸುತ್ತಿದ ಬ್ಯಾನರು. ಅದರ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ 'ವಲಸೆ ಹಕ್ಕಿಗಳ ಕೊಲೆ ನಿಲ್ಲಿಸಿ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು. ಇನ್ನೊಂದು ಅದಕ್ಕಿಂತ ದಪ್ಪನೆಯ, ಕಡಲೆಹಿಟ್ಟಿನ ಸೇವಿನ ಚೀಲ, ಹಕ್ಕಿಗಳಿಗೆ ಎಸೆಯುವುದಕ್ಕೆ. ಪ್ರತಿ ವರ್ಷದ ರೂಢಿಯಂತೆ ಯಾರೋ ತಂದು ಇಟ್ಟಿದ್ದರು. ಸಿಟ್ಟಿಗೂ ಪ್ರವಾಸಕ್ಕೂ ಒಂದೇ ಗಾಡಿ ಮಾಡಿದ್ದೀವಿ ಎಂದು ನಾನು ಅಂದೆ. ಯಾರೂ ನಗಲಿಲ್ಲ.

ನಮ್ಮದು ಪುಣೆಯ ಕನ್ನಡಿಗರ ಹಕ್ಕಿ ನೋಡುವ ಸಣ್ಣ ಗುಂಪು. ಅರ್ಧ ಜನ ನನ್ನಂತೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಅಂಗಡಿ, ಆಫೀಸುಗಳಲ್ಲಿ ದುಡಿಯುವವರು. ಉಳಿದವರು ಹಿಂಜವಡಿಯ ಕಂಪನಿಗಳಲ್ಲಿರುವ ಬೆಂಗಳೂರು ಕಡೆಯವರು. ನಾನು ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿಯೊಬ್ಬರಲ್ಲಿ ಕಾರಕೂನಿಕೆ ಮಾಡುತ್ತೇನೆ. ಹಕ್ಕಿಗಳ ಹೆಸರು ನನಗೆ ಇವತ್ತಿಗೂ ಸರಿಯಾಗಿ ಬಾಯಿಗೆ ಹತ್ತಿಲ್ಲ. ನನ್ನನ್ನು ಈ ಗುಂಪಿಗೆ ಎಳೆದು ತಂದವಳು ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ ಕಮಲಾ. ಕಳೆದ ಚಳಿಗಾಲದಲ್ಲಿ ಇದೇ ಗಾಡಿಯಲ್ಲಿ ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ಎಲ್ಲರಿಗೂ ರೊಟ್ಟಿ ಹಂಚಿದ್ದಳು. ಈ ಮಳೆಗಾಲದಲ್ಲಿ ತೀರಿಕೊಂಡಳು. ಆ ಸೀಟಿನ ಮೇಲೆ ಈಗ ನನ್ನ ಚೀಲ ಇತ್ತು.

ಸಿಟ್ಟಿನ ಕಾರಣ ಹೇಳಿಬಿಡುತ್ತೇನೆ. ಕೆಲವು ದಿನಗಳ ಹಿಂದೆ ಉಜನಿ ಅಣೆಕಟ್ಟಿನ ಹಿನ್ನೀರಿನಿಂದ ಒಂದು ವಿಡಿಯೊ ಬಂತು. ಬಲೆಯಲ್ಲಿ ಸಿಕ್ಕಿ ಸತ್ತ ಬಾತುಗಳು, ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು. ಕತ್ತು ಜೋತುಬಿದ್ದ ಒಂದು ರಾಜಹಂಸ. ಪುಣೆ ಕೊತಕೊತ ಕುದಿಯಿತು. ಸೊಸೈಟಿಗಳ ಗೇಟಿನಲ್ಲಿ ಮೇಣದಬತ್ತಿ ಹಚ್ಚಿದರು, ಶಾಲೆಯ ಮಕ್ಕಳು ಮೆರವಣಿಗೆ ಹೋದರು, ಫೋನಿನಲ್ಲಂತೂ ಬೈಗುಳದ ಮಳೆ. ಅಷ್ಟರಲ್ಲಿ ಇಬ್ಬರು ಮೀನುಗಾರರು ಒಂದು ಮಾತು ಹೇಳಿದರು: ಬಲೆ ಬಿದ್ದ ಬೆಳಗಿನಲ್ಲಿ ಮಂಜಿನೊಳಗಿಂದ ದೋಣಿಯ ದತ್ತು ಹಕ್ಕಿ ಕರೆಯುವುದನ್ನು ಅವರು ಕೇಳಿದ್ದರಂತೆ. ಅಲ್ಲಿಗೆ ದತ್ತು ಕೊಲೆಗಾರನಾದ. ಅವನ ಫೋಟೊಕ್ಕೆ ಕೋರೆಹಲ್ಲು ಬರೆದು ಹಂಚಿದರು.

ಈ ದತ್ತು ನಮ್ಮ ದತ್ತುವೇ. ತಾಯಿಯ ತವರು ಇಂಡಿ ತಾಲೂಕಾದ್ದರಿಂದ ಅವನಿಗೆ ಕನ್ನಡ ಬರುತ್ತದೆ, ನಾವು ಪ್ರತಿ ವರ್ಷ ಅವನ ದೋಣಿಯನ್ನೇ ಹಿಡಿಯುತ್ತಿದ್ದೆವು. ಅವನು ದೋಣಿಯ ತುದಿಯಲ್ಲಿ ನಿಂತು ಸೇವು ಎಸೆದು 'ಆಯೇ... ಯೇ ಯೇ ಯೇ' ಎಂದು ಕೂಗಿದರೆ ಬಿಳಿಯ ಕಡಲಕಾಗೆಗಳು ಎಲ್ಲಿದ್ದರೂ ಬಂದು ತಲೆಯ ಸುತ್ತ ಮುತ್ತುತ್ತಿದ್ದವು. ಉಳಿದ ದೋಣಿಯವರೂ ಸೇವು ಎಸೆಯುತ್ತಾರೆ. ಆದರೆ ಆ ದನಿ, ಕೊನೆಗೆ ಬಿಕ್ಕಿದಂತೆ ಮುರಿಯುವ ಆ ಎಳೆತ, ಮತ್ತಾರಿಗೂ ಬರುವುದಿಲ್ಲ. ಹೋದ ವರ್ಷ ವೈನಿ ಅವನ ಪಕ್ಕ ನಿಂತು, ಅವನು ಕೂಗಿದಾಗಲೆಲ್ಲ, ಮನೆಗೆ ಬಂದವರನ್ನು ಕರೆಯುವ ಧಾಟಿಯಲ್ಲೇ 'ಬರ್ರಿ, ಬರ್ರಿ, ಊಟಕ್ಕ ಬರ್ರಿ' ಎಂದು ಸೇರಿಸಿದ್ದಳು. ಗುಂಪಿನ ಗಿರೀಶ ಅದನ್ನು ವಿಡಿಯೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದ. ಯಾರ್ಯಾರೋ ನೋಡಿ ಮೆಚ್ಚಿದರು. ವೈನಿ ಹೋದ ಮೇಲೆ ನಾನು ಅದನ್ನು ತೆರೆದಿರಲಿಲ್ಲ, ಧೈರ್ಯ ಇರಲಿಲ್ಲ.

ಪುಣೆಯಿಂದ ನೂರು ಕಿಲೋಮೀಟರಿನ ಆಸುಪಾಸು ದಾರಿ. ಹಡಪಸರದ ಗದ್ದಲ ದಾಟುವುದೇ ಅರ್ಧ ಪ್ರಯಾಣ. ಯವತದಲ್ಲಿ ಚಹಾ ಕುಡಿದೆವು, ಶುಂಠಿ ಹೆಚ್ಚು, ಸಕ್ಕರೆ ಅದಕ್ಕಿಂತ ಹೆಚ್ಚು. ಪಾಟಸ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯನ್ನು ತಮ್ಮಪ್ಪನ ಆಸ್ತಿಯೆಂಬಂತೆ ಹಿಡಿದು ಹೊರಟಿದ್ದವು. ಗಿರೀಶ ನನ್ನ ಮುಂದಿನ ಸೀಟಿನಿಂದ ತಿರುಗಿ ತಿರುಗಿ ಮಾತಾಡುತ್ತಿದ್ದ. "ನೋಡಿ ಮೇಡಂ, ಇಷ್ಟು ವರ್ಷ ಟ್ರಸ್ಟ್ ಮಾಡಿದ್ವಿ ಅವ್ನನ್ನ. ನಾಳೆ ಮಧ್ಯಾಹ್ನ ದೋಣಿಯೋರ ಮೀಟಿಂಗ್ ಇದೆ. ಅವ್ನ ದೋಣಿ ಪರ್ಮನೆಂಟಾಗಿ ನಿಲ್ಲಿಸ್ಬೇಕು ಅಂತ ನಾವು ಹೇಳ್ಲೇಬೇಕು." ಒಳ್ಳೆಯ ಹುಡುಗ. ಆದರೆ ಸಿಟ್ಟು ಬಂದರೆ ಎದುರಿಗಿದ್ದವರ ಮಾತು ಅವನ ಕಿವಿಗೆ ಬೀಳುವುದಿಲ್ಲ.

ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಈಗಾಗಲೇ ಸಾಕಷ್ಟು ಅನುಭವಿಸಿದ್ದಾರೆ. ನಾವು ಇಳಿದಾಗ ಹೊತ್ತು ಮುಳುಗುತ್ತಿತ್ತು. ಚಳಿಗಾಲದ ಶನಿವಾರವೆಂದರೆ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಈಗ ಒಂದು ನಾಯಿ ಮಾತ್ರ ರಸ್ತೆಯ ನಡುವೆ ಮಲಗಿತ್ತು. ಗೋಡೆಗಳ ಮೇಲೆ ಬಣ್ಣದ ರಾಜಹಂಸಗಳು, ಕೆಳಗೆ ಮುಚ್ಚಿದ ಬಾಗಿಲುಗಳು. ದಂಡೆಯ ಮೇಲೆ ದೋಣಿಗಳನ್ನು ಬೋರಲು ಹಾಕಿದ್ದರು. ಒಂದು ದೋಣಿ ಮಾತ್ರ ನೀರಲ್ಲೇ ಇತ್ತು, ಅದಕ್ಕೆ ಅರಣ್ಯ ಇಲಾಖೆಯವರು ಸರಪಳಿ ಬಿಗಿದು ಬೀಗ ಹಾಕಿದ್ದರು. ಅದು ದತ್ತುವಿನದು. ದೂರದಲ್ಲಿ ನೀರಿನ ನಡುವಿಂದ ಒಂದು ಕಲ್ಲಿನ ಶಿಖರದ ತುದಿ ಎದ್ದು ನಿಂತಿತ್ತು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೆಯ ಊರಿನ ಗುಡಿ. ನೀರಿನ ಮೇಲೆ ಒಂದೇ ಒಂದು ಹಕ್ಕಿ ಇರಲಿಲ್ಲ.

ದತ್ತು ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಹೋದ ವರ್ಷ ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವನು ಈಗ ಪಿಸುಗುಡುತ್ತಿದ್ದ. ಕೊರಳಲ್ಲಿ ಹೊಸ ಕರಿ ದಾರ ಇತ್ತು.

"ಯಾಕ ಬಂದ್ರಿ ಅಕ್ಕಾರ? ಹಕ್ಕಿ ಮಾರಿ ನೋಡಾಕೋ, ನನ್ನ ಮಾರಿ ನೋಡಾಕೋ?"

ಗಿರೀಶ ನನ್ನನ್ನು ದಾಟಿ ಮುಂದೆ ಬಂದ. "ನಿಮ್ಮ ವಾಯ್ಸ್ ಕೇಳಿದ್ದಾರೆ ದತ್ತು. ಒಬ್ರಲ್ಲ, ಇಬ್ರು. ಇನ್ನೇನು ಪ್ರೂಫ್ ಬೇಕು?"

"ಕೇಳಿದ್ದು ಖರೇನ ಇರಬೇಕ್ರಿ," ಎಂದ ದತ್ತು. "ನಾನೂ ಕೇಳೇನಿ. ಆವತ್ತ ಹಾಸಿಗ್ಯಾಗ ಮಲಗಿದ್ದೆ. ನೀರಿನ ಕಡೆಯಿಂದ ನಾನ ಕರ್ಯಾಕತ್ತಿದ್ದೆ."

ಗಿರೀಶ ನನ್ನ ಮುಖ ನೋಡಿದ. ಇವನಿಗೆ ತಲೆ ಕೆಟ್ಟಿದೆ ಎಂದು ಅವನಿಗನ್ನಿಸಿತು, ನನಗೂ ಅನ್ನಿಸಿತು. ದತ್ತು ಕರಿ ದಾರವನ್ನು ಬೆರಳಲ್ಲಿ ತಿರುವುತ್ತ, "ಮುಳುಗಿದ ಊರು ನಿನ್ನ ದನಿ ಕಸಗೊಂಡದ, ಮಾತ ಕಮ್ಮಿ ಮಾಡು ಅಂತಾಳ ನಮ್ಮವ್ವ. ಇದನ್ನ ಕಟ್ಯಾಳ," ಎಂದ. ಆಮೇಲೆ ಮೆಲ್ಲಗೆ, "ಕಮಲಕ್ಕಾರು ಬರಲಿಲ್ಲೇನ್ರಿ?" ಎಂದು ಕೇಳಿದ. ಅವನಿಗೆ ಸುದ್ದಿ ತಿಳಿದಿರಲಿಲ್ಲ. ನಾನು ಹೇಳಿದೆ. ಅವನು ಎದ್ದು ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ.

ಪಕ್ಕದ ಮನೆಯಲ್ಲಿ ಇಳಿದುಕೊಂಡೆವು. ಬಿಸಿ ಭಕ್ಕರಿ, ಝುಣಕ, ಹಸಿ ಮೆಣಸಿನಕಾಯಿ ಖಾರ. ಊಟ ಚೆನ್ನಾಗಿತ್ತು. ಬಡಿಸುತ್ತಿದ್ದ ಮನೆಯಾಕೆ ಮರಾಠಿಯಲ್ಲಿ ಹೇಳಿದ್ದಿಷ್ಟು: ನಾಳೆ ಸಭೆಯಲ್ಲಿ ದತ್ತುವಿನ ಪಾಳಿ ತೆಗೆದುಹಾಕುತ್ತಾರೆ. ಪಾಳಿ ಹೋದರೆ ಅವನ ದೋಣಿಗೆ ಜನ ಹತ್ತಿಸುವಂತಿಲ್ಲ, ಅವನಿಗೆ ಬೇರೆ ಕೆಲಸ ಬರುವುದಿಲ್ಲ.

ಚಳಿಗೆ ನನಗೆ ಬೇಗ ಎಚ್ಚರವಾಯಿತು. ಹೊರಗೆ ಬೆಳಕು ಬಂದಿತ್ತು, ಆದರೆ ಆ ಬೆಳಕಿನಲ್ಲಿ ಕಾಣುವಂಥದ್ದೇನೂ ಇರಲಿಲ್ಲ. ಮಂಜು ಅಂಗಳದ ತುಳಸಿಕಟ್ಟೆಯನ್ನೂ ನುಂಗಿತ್ತು. ಶಾಲು ಹೊದ್ದು ದಂಡೆಯ ಕಡೆ ನಡೆದೆ. ಬೋರಲು ಹಾಕಿದ ದೋಣಿಯೊಂದರ ಮೇಲೆ ಯಾರೋ ಕಂಬಳಿ ಹೊದ್ದು ಕೂತಿದ್ದರು. ಹತ್ತಿರ ಹೋದ ಮೇಲೆ ದತ್ತು ಎಂದು ತಿಳಿಯಿತು. "ಕೂಡ್ರಿ ಅಕ್ಕಾರ," ಎಂದು ಸರಿದು ಜಾಗ ಕೊಟ್ಟ. ನೀರು ದಂಡೆಗೆ ಬಡಿಯುವ ಸಪ್ಪಳ ಕೂಡ ಇರಲಿಲ್ಲ.

ಆಗ ನೀರಿನ ನಡುವಿಂದ ದತ್ತು ಕೂಗಿದ.

'ಆಯೇ... ಯೇ ಯೇ ಯೇ.'

ನಾನು ಪಕ್ಕಕ್ಕೆ ತಿರುಗಿದೆ. ದತ್ತು ನನ್ನ ಮೊಳಕೈಗೆ ತಾಗುವಷ್ಟು ಹತ್ತಿರ ಕೂತಿದ್ದ. ಬಾಯಿ ಮುಚ್ಚಿತ್ತು. ಕಣ್ಣು ಮಾತ್ರ ಅಗಲವಾಗಿತ್ತು. ಮಂಜಿನೊಳಗೆ ಅದೇ ದನಿ ಮತ್ತೊಮ್ಮೆ ಎಳೆದು, ಕೊನೆಗೆ ಅದೇ ರೀತಿ ಬಿಕ್ಕಿ ನಿಂತಿತು. ದತ್ತು ನನ್ನ ಶಾಲಿನ ಅಂಚು ಹಿಡಿದು, "ನಾ ಇಲ್ಲೇ ಇದ್ದೇನಲ್ರಿ? ನಿಮಗ ಕಾಣಸ್ತೇನಲ್ರಿ?" ಎಂದು ಕೇಳಿದ. ನಾನು ಹೂಂ ಅನ್ನುವಷ್ಟರಲ್ಲಿ ಇನ್ನೊಂದು ದನಿ ಬಂತು.

'ಬರ್ರಿ, ಬರ್ರಿ, ಊಟಕ್ಕ ಬರ್ರಿ.'

ಹೆದರಿದೆ ಎಂದು ಬರೆದರೆ ಓದುವವರಿಗೆ ಸರಿಯೆನಿಸೀತು. ಖರೆ ಹೇಳಬೇಕೆಂದರೆ ನನಗೆ ಹೆದರಿಕೆ ಆಗಲೇ ಇಲ್ಲ. ವೈನಿ ಕರೆದಳು, ನಾನು ಎದ್ದು ಹೋದೆ. ಮನೆಯಲ್ಲಿ ಅವಳು ಕರೆದಾಗ ಹೋಗುತ್ತಿದ್ದ ಹಾಗೆಯೇ. ಚಪ್ಪಲಿಗೆ ನೀರು ತುಂಬಿದ್ದು, ಸೀರೆ ಮೊಣಕಾಲಿಗೆ ಅಂಟಿದ್ದು ಗೊತ್ತಾದದ್ದು ದತ್ತು ಹಿಂದಿನಿಂದ ರಟ್ಟೆ ಹಿಡಿದು ಎಳೆದ ಮೇಲೆ. ಮಂಜಿನಲ್ಲಿ ವೈನಿ ನಕ್ಕಳು, ನಗುತ್ತ ಕೆಮ್ಮಿದಳು. ಆ ಕೆಮ್ಮಿನ ಬೆನ್ನಿಗೆ ಗಂಡಸಿನ ದನಿಯೊಂದು, 'ಮೇಡಂ, ಇನ್ನೊಂದ್ ಸಲ, ಸೂಪರ್' ಎಂದಿತು. ಮತ್ತೆ ದತ್ತುವಿನ ಕೂಗು. ಮತ್ತೆ ವೈನಿ. ಅದೇ ನಗು, ಅದೇ ಜಾಗದಲ್ಲಿ ಅದೇ ಕೆಮ್ಮು, ಅದೇ 'ಸೂಪರ್'.

ಆ ಗಂಡಸಿನ ದನಿ ಗಿರೀಶನದು. ಗಿರೀಶ ಮನೆಯೊಳಗೆ ಮಲಗಿದ್ದ.

ಒದ್ದೆ ಸೀರೆಯಲ್ಲೇ ಓಡಿ ಅವನನ್ನು ಎಬ್ಬಿಸಿ ದಂಡೆಗೆ ಎಳೆದು ತಂದೆ. ಅವನು ಕಣ್ಣುಜ್ಜುತ್ತ ನಿಂತ. ತನ್ನ ದನಿ ನೀರಿನಿಂದ ಬಂದು ತನಗೇ ಕೇಳಿದಾಗ ಕೈ ಕೆಳಗಿಳಿಸಿದ. "ಅದು ನನ್ನ ವಿಡಿಯೊ," ಎಂದ. ಆಮೇಲೆ ದತ್ತುವಿನ ಕಡೆ ನೋಡದೆ, "ನಾನು ಹಾಕಿದ್ದು," ಎಂದ.

ದತ್ತು ಅರಣ್ಯ ಇಲಾಖೆಯ ಗಾರ್ಡಿಗೆ ಫೋನು ಮಾಡಿದ. ಗಾರ್ಡು ಮಫ್ಲರ್ ಸುತ್ತಿಕೊಂಡು ಸೈಕಲ್ ಮೋಟಾರಿನಲ್ಲಿ ಬಂದರು, ದಂಡೆಯಲ್ಲಿ ನಿಂತು ಕೇಳಿದರು, ದತ್ತುವಿನ ಮುಚ್ಚಿದ ಬಾಯಿ ನೋಡಿದರು. ಜೇಬಿನಿಂದ ಬೀಗದ ಕೈ ತೆಗೆದು ಸರಪಳಿ ಬಿಚ್ಚಿದರು. ನಾಲ್ವರೂ ದೋಣಿ ಹತ್ತಿದೆವು. ಇಂಜಿನು ಹಾಕದೆ ದತ್ತು ಗಳದಿಂದಲೇ ದೋಣಿ ನೂಕಿದ. ವೈನಿಯ ದನಿ ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದೆ ಕೇಳುತ್ತಿತ್ತು. ಮಂಜಿನಲ್ಲಿ ದನಿಗೆ ದಿಕ್ಕಿರುವುದಿಲ್ಲ. ನಮ್ಮ ಮುಂದೆ ಎಲ್ಲೋ ಒಂದು ಮೋಟಾರು ದೋಣಿ ಕೆಮ್ಮಿ ಶುರುವಾಗಿ ದೂರವಾಯಿತು. ಗಾರ್ಡು ಟಾರ್ಚು ಬಿಟ್ಟರು, ಬೆಳಕು ಮಂಜಿಗೆ ಬಡಿದು ನಮ್ಮ ಮುಖಕ್ಕೇ ಮರಳಿತು. ಬಲೆ ಹಾಕಿ ಓಡಿದವರು ಯಾರೆಂದು ಕಾಣಲಿಲ್ಲ.

ಆಮೇಲೆ ಹಕ್ಕಿಗಳು ಕಂಡವು. ತಲೆಯ ಮೇಲೆ, ಮುಂದೆ, ಎರಡೂ ಬದಿಗೆ. ರೆಕ್ಕೆ ಬಿಚ್ಚಿದ್ದವು, ಹಾರುತ್ತಿರಲಿಲ್ಲ. ಗಾಳಿಯಲ್ಲಿ ನಿಂತಿದ್ದವು. ಕಡಲಕಾಗೆಗಳು, ಬಾತುಗಳು, ಇಷ್ಟೆತ್ತರದಲ್ಲಿ ಒಂದು, ಅದಕ್ಕಿಂತ ಮೇಲೆ ಒಂದು, ಯಾರೋ ಗೋಡೆಯಿಲ್ಲದ ಕಡೆ ಮೊಳೆ ಹೊಡೆದು ತೂಗುಹಾಕಿದಂತೆ. ಬಲೆಯ ದಾರ ಕೂದಲಿಗಿಂತ ತೆಳುವಾಗಿತ್ತು. ದೋಣಿ ಅದರೊಳಗೆ ನುಗ್ಗಿ ನನ್ನ ಮುಖಕ್ಕೆ ದಾರ ತಾಗಿದ ಮೇಲೆಯೇ ಬಲೆಯೆಂದು ತಿಳಿದದ್ದು. ಒಂದು ಬಾತು ನನ್ನ ಕಣ್ಣಿನ ಮಟ್ಟಕ್ಕೇ ನೇತಾಡುತ್ತಿತ್ತು, ರೆಪ್ಪೆ ಬಡಿಯಿತು. ಬದುಕಿತ್ತು.

ಮೊದಲು ಸೇವಿನ ಆಸೆಗೆ ಕಡಲಕಾಗೆಗಳು ಬರುತ್ತವಂತೆ, ಅವು ಇಳಿದ ಕಡೆ ಅಪಾಯವಿಲ್ಲವೆಂದು ಬಾತುಗಳೂ ಹೆಬ್ಬಾತುಗಳೂ ಇಳಿಯುತ್ತವಂತೆ. ಮಾಂಸ ಹೆದ್ದಾರಿಯ ಊಟದ ಹೋಟೆಲುಗಳಿಗೆ ಬೇರೆ ಹೆಸರಿನಲ್ಲಿ ಹೋಗುತ್ತದಂತೆ. ಗಾರ್ಡು ಬಲೆ ಕೊಯ್ಯುತ್ತ ಇಷ್ಟು ಹೇಳಿದರು. ಗಿರೀಶ ಒಂದೊಂದೇ ಹಕ್ಕಿಯ ಕಾಲಿನಿಂದ ದಾರ ಬಿಡಿಸುತ್ತಿದ್ದ, ಅವನ ಕೈಯಿಂದ ರಕ್ತ ಬರುತ್ತಿತ್ತು. ಬದುಕಿದ್ದವು ಹಾರಿಹೋದವು. ಸತ್ತವನ್ನು ದತ್ತು ದೋಣಿಯ ತಳದಲ್ಲಿ ಮಕ್ಕಳನ್ನು ಮಲಗಿಸುವ ಹಾಗೆ ಸಾಲಾಗಿ ಮಲಗಿಸಿದ. ಅಷ್ಟು ಹೊತ್ತೂ ಕರೆ ನಡೆದೇ ಇತ್ತು.

ಅದು ಬರುತ್ತಿದ್ದದ್ದು ಮುಳುಗಿದ ಗುಡಿಯ ಶಿಖರದಿಂದ. ಕಲ್ಲಿನ ಗೂಡಿನೊಳಗೆ ಕರಿ ಪ್ಲಾಸ್ಟಿಕ್ ಸುತ್ತಿದ ಒಂದು ಸ್ಪೀಕರು. ದೋಣಿ ತಾಗಿ ನಿಂತಾಗ ವೈನಿ ನನ್ನ ಕಿವಿಯಲ್ಲೇ ಊಟಕ್ಕೆ ಕರೆದಳು. ಗಾರ್ಡು ಕೈ ಚಾಚಿ ಅದನ್ನು ಆರಿಸಿದರು. 'ಸ್ವಲ್ಪ ತಡೀರಿ' ಎಂದು ನಾನು ಅನ್ನುವುದು ತಡವಾಯಿತು.

ಮಧ್ಯಾಹ್ನ ಬೇವಿನ ಮರದ ಕೆಳಗೆ ದೋಣಿಯವರ ಸಭೆ ಸೇರಿತು. ಗಾರ್ಡು ಸ್ಪೀಕರು ತೋರಿಸಿದರು. ನಾನು ಎದ್ದು ನಿಂತು, ಆ ದನಿಯ ಹೆಂಗಸು ನನ್ನ ವೈನಿ, ಆಕೆ ಈಗ ಇಲ್ಲ, ಅವಳು ಆ ಮಂಜಿನಲ್ಲಿರುವುದು ಸಾಧ್ಯವಿಲ್ಲವಾದರೆ ದತ್ತುವೂ ಇರಲಿಲ್ಲ ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಗಿರೀಶ ವಿಡಿಯೊ ತನ್ನದೆಂದು ಒಪ್ಪಿಕೊಂಡು ಎಲ್ಲರೆದುರಿಗೇ ಅದನ್ನು ಫೇಸ್‌ಬುಕ್ಕಿನಿಂದ ಅಳಿಸಿದ. ಸುಳ್ಳು ಹೇಳಿರದ ಆ ಇಬ್ಬರು ಮೀನುಗಾರರು ತಲೆ ತಗ್ಗಿಸಿ ಕೂತಿದ್ದರು, ಪಾಪ. ದತ್ತುವಿನ ಪಾಳಿ ಉಳಿಯಿತು. ನಮ್ಮ ಬ್ಯಾನರನ್ನು ಯಾರೂ ಬಿಚ್ಚಲಿಲ್ಲ. ಸಂಜೆ ಗುಂಪು ಪುಣೆಗೆ ಹೊರಟಿತು, ನಾನೂ ಗಿರೀಶನೂ ಉಳಿದೆವು. ಉಳಿಯಲು ಕಾರಣ ದತ್ತು.

ಸಭೆ ಮುಗಿದ ಮೇಲೆ ಎಲ್ಲರೂ ಅವನ ಬೆನ್ನು ತಟ್ಟಿದರು, ಅವನ ಮುಖ ಅರಳಲಿಲ್ಲ. "ಡಬ್ಬಿ ಸಿಕ್ತು ಅಕ್ಕಾರ. ದನಿ ಸಿಕ್ಕಿಲ್ಲಲ್ರಿ," ಎಂದ. "ಇವರು ಅಳಿಸ್ಯಾರ. ಮಂದಿ ಫೋನಿನ್ಯಾಗ ಎಷ್ಟ ಅದಾವೋ ಯಾರಿಗೆ ಗೊತ್ತು? ನಾಳೆ ಇನ್ನೊಂದ ಡಬ್ಬಿ ತಂದು ಹಚ್ಚತಾರ. ಹಕ್ಕಿಗೆ ಏನ ತಿಳಿತೈತ್ರಿ? ಕರೀತಾನ, ಸೇವು ಕೊಡತಾನ ಅಂತ ಬರತಾವ."

"ಮತ್ತ ಏನ ಮಾಡೋದು?"

"ಮರಸಬೇಕ್ರಿ. ಈ ದನಿ ಕೇಳಿದ್ರ ಹೆದರಿ ಓಡಬೇಕು, ಹಂಗ ಮಾಡಬೇಕು." ಕರಿ ದಾರ ತಿರುವುತ್ತ ಅಂದ: "ನನ್ನದೊಂದ ಸಾಲೂದಿಲ್ರಿ. ಕಮಲಕ್ಕಾರದ್ದೂ ಬೇಕು."

ನನಗೆ ಸಿಟ್ಟು ನೆತ್ತಿಗೇರಿತು. "ದತ್ತೂ, ಆಕಿ ಯಾರನ್ನೂ ಉಣಸದ ಕಳಿಸಿದಾಕಿ ಅಲ್ಲ. ಸತ್ತ ಮ್ಯಾಲೆ ಆಕಿ ದನೀಲೆ ಹಕ್ಕಿ ಓಡಸಂತಿ?"

"ಗೊತ್ತೈತ್ರಿ," ಎಂದ. "ನನಗೂ ಉಣಿಸ್ಯಾರ." ಮತ್ತೆ ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳ ಮಾಡಿ ಇಲ್ಲವೆನ್ನಬಹುದಿತ್ತು.

ಸೋಮವಾರ ಬೆಳಗಿಗೆ ಮಂಜು ತೆಳುವಾಗಿತ್ತು. ಊರಿನ ದೋಣಿಗಳೆಲ್ಲ ಇಳಿದವು. ಎಲ್ಲರ ಕೈಯಲ್ಲೂ ಸ್ಟೀಲಿನ ತಾಟು, ಎಣ್ಣೆಯ ಡಬ್ಬಿ, ಸೌಟು. ಸೇವಿನ ಚೀಲ ದಂಡೆಯಲ್ಲೇ ಬಿದ್ದಿತ್ತು. ದತ್ತು ದೋಣಿಯ ತುದಿಯಲ್ಲಿ ನಿಂತು ಎಷ್ಟೋ ದಿನಗಳ ಮೇಲೆ ಕೂಗಿದ. ಕಡಲಕಾಗೆಗಳು ಬಂದವು. ಹಿಂದಿನ ದಿನ ಬಲೆಯಲ್ಲಿ ಸಿಕ್ಕು ಬಿಡಿಸಿಕೊಂಡವೂ ಅವುಗಳಲ್ಲಿ ಇದ್ದಿರಬೇಕು, ಆದರೂ ಬಂದವು. ಅವು ತಲೆಯ ಮೇಲೆ ಬಂದು ಮುತ್ತಿದ ಕೂಡಲೇ ಎಲ್ಲರೂ ತಾಟು ಬಡಿದರು. ಹಕ್ಕಿಗಳು ಚೆಲ್ಲಾಪಿಲ್ಲಿಯಾದವು. ಅವನು ಮತ್ತೆ ಕೂಗಿದ, ಮತ್ತೆ ಬಂದವು, ಮತ್ತೆ ಬಡಿದರು.

ಗಿರೀಶ ತನ್ನ ಫೋನಿನಲ್ಲಿ ಉಳಿದಿದ್ದ ವಿಡಿಯೊವನ್ನು ಸಣ್ಣ ಸ್ಪೀಕರಿಗೆ ಜೋಡಿಸಿ ನನ್ನ ಮಡಿಲಲ್ಲಿಟ್ಟ. "ನಿಮಗೆ ಬೇಡ ಅಂದ್ರೆ ಬೇಡ ಮೇಡಂ," ಎಂದ. ನಾನೇ ಒತ್ತಿದೆ. ವೈನಿ ಕರೆದಳು. ಒಂದು ಕಡಲಕಾಗೆ ನನ್ನ ಎದುರಿನ ಹಲಗೆಯ ಮೇಲೇ ಇಳಿದು, ಕತ್ತು ವಾರೆ ಮಾಡಿ, ಎಲ್ಲಿದೆ ಊಟ ಎನ್ನುವಂತೆ ನೋಡಿತು. ಮೊದಲ ಸಲ ನನ್ನ ಕೈ ಏಳಲಿಲ್ಲ. ಎರಡನೆಯ ಸಲ ಎತ್ತಿದೆ. ಆಮೇಲೆ ಅಳುತ್ತಲೇ ಬಡಿದೆ, ತಾಟು ನೆಗ್ಗುವ ಹಾಗೆ ಬಡಿದೆ. ಬಿಸಿಲು ಏರುವವರೆಗೆ ಅವಳು ಕರೆದಳು, ನಾನು ಓಡಿಸಿದೆ.

ಕೊನೆಗೆ ದತ್ತು ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ ಒಂದೇ ಒಂದು ಸಲ ಕೂಗಿದ. ಯಾರೂ ತಾಟು ಮುಟ್ಟಲಿಲ್ಲ. ಶಿಖರದ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು, ನಮಗೆ ಬೆನ್ನು ಮಾಡಿ, ನೀರಿನ ಆಚೆ ದಂಡೆಯ ಕಡೆ ಹೋಗಿಬಿಟ್ಟವು. ದೋಣಿಯವರು ಹೋ ಎಂದು ಕೂಗಿ ಕುಣಿದರು. ದತ್ತು ಮೊಣಕಾಲಿಗೆ ಹಣೆ ಹಚ್ಚಿ ಕೂತ. ಇನ್ನು ಪಾಳಿಗೆ ಅವನ ದೋಣಿಯೂ ಎಲ್ಲರ ದೋಣಿಯಂತೆ ಒಂದು, ಅಷ್ಟೇ.

ಸ್ವಾರಗೇಟಿನ ಕೆಂಪು ಬಸ್ಸು ಹೆದ್ದಾರಿಗೆ ಬರಲು ಇನ್ನೂ ಹೊತ್ತಿತ್ತು. ದಂಡೆಯಲ್ಲಿ ನಾನು, ಗಿರೀಶ, ದತ್ತು ಮೂವರೇ ಉಳಿದಿದ್ದೆವು. ಹೊರಡುವ ಮೊದಲು ನಾನು ಇನ್ನೊಮ್ಮೆ ಸ್ಪೀಕರು ಒತ್ತಿದೆ. ಹತ್ತಿರದ ಜೊಂಡಿನಲ್ಲಿ ಉಳಿದಿದ್ದ ಒಂದೆರಡು ಕಡಲಕಾಗೆಗಳೂ ಗಾಬರಿಯಾಗಿ ಎದ್ದು ಹೋದವು. "ಆತ್ರಿ ಅಕ್ಕಾರ," ಎಂದ ದತ್ತು. "ಇನ್ನ ಯಾರ ಕರದ್ರೂ ಬರೂದಿಲ್ಲ." ಖಾಲಿ ನೀರಿಗೆ ವೈನಿ ಕರೆಯುತ್ತಲೇ ಇದ್ದಳು, ನಗುತ್ತಿದ್ದಳು, ಕೆಮ್ಮುತ್ತಿದ್ದಳು. 'ಬರ್ರಿ, ಬರ್ರಿ, ಊಟಕ್ಕ ಬರ್ರಿ.'

ನಾನು ಅದನ್ನು ಆರಿಸಲಿಲ್ಲ. ಚೀಲ ಬಿಚ್ಚಿ, ಮನೆಯಿಂದ ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದು, ದತ್ತುವಿನ ಕೈಗೊಂದು, ಗಿರೀಶನ ಕೈಗೊಂದು ಕೊಟ್ಟು, ನನಗೊಂದು ಇಟ್ಟುಕೊಂಡೆ. ಕರೆದವಳ ಮಾತಿಗೆ ಮೂವರೂ ಅಲ್ಲೇ ಕೂತು ಉಂಡೆವು.